ಆಡಿದ ಮಾತಿಗೆ ಅಂಕ

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಬೀದಿಯ ಹುಡುಗಿಯೊಬ್ಬಳು ಒದ್ದೆ ಕೊಡೆಯನ್ನು ಜಗಲಿಯ ಮೂಲೆಗೆ ಒರಗಿಸಿ, ಪ್ಲಾಸ್ಟಿಕ್ ಚೀಲದೊಳಗಿಂದ ಒಂದು ಹಾಳೆಯನ್ನು ತೆಗೆದು ನನ್ನ ಮುಂದಿಟ್ಟಳು. ಈಕೆ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನಾಲ್ಕು ವರ್ಷಗಳಿಂದ ದಾದಿಯಾಗಿ ದುಡಿಯುತ್ತಿರುವವಳು. ಇಂಗ್ಲೆಂಡಿಗೆ ಹೋಗಬೇಕೆಂಬ ಆಸೆ. ಆಸೆಗಿಂತ ಹೆಚ್ಚಾಗಿ ಕಲಿಕೆಗೆಂದು ಮಾಡಿದ ಸಾಲದ ಒತ್ತಾಯ. ಹಾಳೆಯ ಮೇಲೆ ನಾಲ್ಕು ಅಂಕಿಗಳಿದ್ದವು. ಕೇಳಿ ಗ್ರಹಿಸುವುದಕ್ಕೆ 7.5, ಓದಿಗೆ 7, ಬರವಣಿಗೆಗೆ 6.5, ಮಾತಿಗೆ 6.5. ನಾಲ್ಕನ್ನೂ ಕೂಡಿ ನಾಲ್ಕರಿಂದ ಭಾಗಿಸಿದರೆ 6.875, ಅದನ್ನು ಸಮೀಪದ ಅರ್ಧಕ್ಕೆ ಸರಿಪಡಿಸಿ ಒಟ್ಟು 7 ಎಂದು ಮುದ್ರಿಸಿದ್ದರು.

ಒಟ್ಟು ಏಳು ಬಂದಿದೆಯಲ್ಲ, ಮತ್ತೇನು ಎಂದು ನಾನು ಕೇಳಿದೆ. ಆಕೆ ತಲೆಯಲ್ಲಾಡಿಸಿದಳು. ಬ್ರಿಟನ್ನಿನಲ್ಲಿ ದಾದಿಯರನ್ನು ನೋಂದಾಯಿಸಿಕೊಳ್ಳುವ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ ಬರವಣಿಗೆಯೊಂದರಲ್ಲಿ ಮಾತ್ರ 6.5ಕ್ಕೆ ಒಪ್ಪುತ್ತದೆ, ಉಳಿದ ಮೂರರಲ್ಲೂ 7 ಇರಲೇಬೇಕು. ಆ ಒಂದೇ ಹಾಳೆಯ ಬಲದ ಮೇಲೆ ಆಕೆಗೆ ಬಾಗಿಲು ತೆರೆಯುವಂತಿರಲಿಲ್ಲ. ಹದಿನೈದು ಸಾವಿರ ರೂಪಾಯಿಗೂ ಮೀರಿದ ಶುಲ್ಕ ಕಟ್ಟಿ ಬರೆದ ಪರೀಕ್ಷೆ.

“ಸರ್, ಬರೆದದ್ದಾದರೆ ಕಾಗುಣಿತ ತಪ್ಪಿತು ಎಂದಾದರೂ ಅಂದುಕೊಳ್ಳಬಹುದು. ಮಾತಾಡಿದ್ದರಲ್ಲಿ ಎಲ್ಲಿ ತಪ್ಪಿದೆ ಎಂದು ಇದರಲ್ಲಿ ಬರೆದೇ ಇಲ್ಲವಲ್ಲ?” ಎಂದಳು.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವನು. ಉತ್ತರಪತ್ರಿಕೆಗಳ ಕಟ್ಟುಗಳನ್ನು ಬಿಚ್ಚಿ ಕೆಂಪು ಶಾಯಿಯಲ್ಲಿ ಅಂಕ ಹಾಕಿದ್ದಕ್ಕೆ ಲೆಕ್ಕವಿಲ್ಲ. ಆದರೂ ಆಡಿದ ಮಾತಿಗೆ, ಅಂದರೆ ಗಾಳಿಯಲ್ಲಿ ಹುಟ್ಟಿ ಗಾಳಿಯಲ್ಲೇ ಅಡಗುವ ವಸ್ತುವಿಗೆ, ಆರೂವರೆ ಎಂದು ಬೆಲೆ ಕಟ್ಟುವುದು ಹೇಗೆ ಎಂಬ ಪ್ರಶ್ನೆಗೆ ಆ ಸಂಜೆ ನನ್ನಲ್ಲಿ ಉತ್ತರವಿರಲಿಲ್ಲ. ಅನಂತರ ಒಂದಿಷ್ಟು ಓದಿದೆ. ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮಾತಿನ ಪರೀಕ್ಷೆ ಹೊಸದೇನಲ್ಲ. ಬೈಬಲಿನ ‘ನ್ಯಾಯಸ್ಥಾಪಕರು’ ಎಂಬ ಗ್ರಂಥದ ಹನ್ನೆರಡನೆಯ ಅಧ್ಯಾಯದಲ್ಲಿ ಒಂದು ಕಥೆಯಿದೆ. ಯುದ್ಧದಲ್ಲಿ ಸೋತು ಓಡಿಬಂದ ಎಫ್ರಾಯೀಮ್ಯರು ಜೋರ್ದಾನ್ ನದಿಯನ್ನು ದಾಟಲು ಬಂದಾಗ ಗೆದ್ದವರು ಅವರಿಂದ ‘ಷಿಬ್ಬೋಲೆತ್’ ಎಂಬ ಒಂದು ಪದವನ್ನು ಹೇಳಿಸುತ್ತಾರೆ. ‘ಷ’ಕಾರ ಹೊರಳದೆ ‘ಸಿಬ್ಬೋಲೆತ್’ ಎಂದವನನ್ನು ಅಲ್ಲಿಯೇ ಕೊಲ್ಲುತ್ತಾರೆ. ಹಾಗೆ ಸತ್ತವರು 42,000 ಮಂದಿ ಎಂದು ಗ್ರಂಥ ಹೇಳುತ್ತದೆ. ಒಂದೇ ಪ್ರಶ್ನೆ, ಎರಡೇ ಅಂಕ: ಸೊನ್ನೆ ಅಥವಾ ನೂರು. ಹೊಳೆ ದಾಟಬೇಕಾದವನು ನಾಲಗೆಯ ಬಲದಿಂದ ದಾಟಬೇಕು ಎಂಬ ತತ್ತ್ವ ಅಂದಿನಿಂದ ಇದೆ.

ನಮ್ಮ ಕಡೆಯಲ್ಲಿ ಇದು ಒಮ್ಮೆ ತಿರುಗುಮುರುಗಾಗಿಯೂ ಇತ್ತು. ಕೆನರಾ ಮದರಾಸು ಆಧಿಪತ್ಯಕ್ಕೆ ಸೇರಿದ್ದ ಕಾಲದಲ್ಲಿ, ಕಂಪೆನಿ ಸರಕಾರದ ಎಳೆಯ ಅಧಿಕಾರಿಗಳು ದೇಶಭಾಷೆಗಳಲ್ಲಿ ಪರೀಕ್ಷೆ ಕೊಡಬೇಕಾಗಿತ್ತು. ಅದಕ್ಕೆಂದೇ 1812ರಲ್ಲಿ ಮದರಾಸಿನ ಸೈಂಟ್ ಜಾರ್ಜ್ ಕೋಟೆಯ ಕಾಲೇಜು ಹುಟ್ಟಿತು. 1820ರಲ್ಲಿ ಅಚ್ಚಾದ ಮೆಕ್ಕೆರೆಲ್ಲನ ಕನ್ನಡ ವ್ಯಾಕರಣ ಇಂತಹ ಕಲಿಕೆಗೆ ಒದಗಿದ ಪುಸ್ತಕ. ಆ ಅಧಿಕಾರಿಗಳು ನಮ್ಮ ‘ಳ’ಕಾರದೊಂದಿಗೆ ಹೆಣಗಾಡಿದ ಚಿತ್ರವನ್ನು ನೆನೆದು ಸ್ವಲ್ಪ ಸಮಾಧಾನಪಟ್ಟುಕೊಳ್ಳಬಹುದು.

ಇಂಗ್ಲಿಷಿಗೆ ಬಂದರೆ, ಪರಭಾಷಿಕರಿಗಾಗಿ ಕೇಂಬ್ರಿಜ್ ವಿಶ್ವವಿದ್ಯಾನಿಲಯ ನಡೆಸಿದ ಮೊದಲ ಪರೀಕ್ಷೆ 1913ರದು. ಸುಮಾರು ಹನ್ನೆರಡು ಗಂಟೆಗಳ ಪರೀಕ್ಷೆ. ಅದರಲ್ಲಿ ಬಾಯಿಮಾತಿನ ಭಾಗಕ್ಕೆ ಒಂದು ಗಂಟೆ. ಆ ಒಂದು ಗಂಟೆಯಲ್ಲೂ ಉಕ್ತಲೇಖನಕ್ಕೆ ಅರ್ಧ, ಓದು ಮತ್ತು ಸಂಭಾಷಣೆಗೆ ಇನ್ನರ್ಧ. ಕುಳಿತವರು ಮೂವರು. ಮೂವರೂ ಅನುತ್ತೀರ್ಣರಾದರು.

ಇಂದು ಬಲ್ಮಠ, ಕಂಕನಾಡಿ, ಬೆಂದೂರುಗಳಲ್ಲಿ ಮಹಡಿ ಹತ್ತಿದರೆ ಕಾಣುವ ತರಬೇತಿ ಕೇಂದ್ರಗಳ ಫಲಕಗಳಲ್ಲಿ ಇರುವ ಹೆಸರು ಐಇಎಲ್‌ಟಿಎಸ್. ಮಕ್ಕಳ ಬಾಯಲ್ಲಿ ‘ಐಲ್ಟ್ಸ್’. ಈ ರೂಪದಲ್ಲಿ ಇದು ಬಂದದ್ದು 1989ರಲ್ಲಿ. ಇದರ ಮಾತಿನ ಭಾಗ ಹನ್ನೊಂದರಿಂದ ಹದಿನಾಲ್ಕು ನಿಮಿಷಗಳದು. ಮೊದಲು ಮನೆ, ಊರು, ಕೆಲಸದ ಕುರಿತು ನಾಲ್ಕೈದು ನಿಮಿಷದ ಪ್ರಶ್ನೋತ್ತರ. ಆಮೇಲೆ ಒಂದು ಚೀಟಿ ಕೊಡುತ್ತಾರೆ. ಅದರಲ್ಲಿರುವ ವಿಷಯದ ಮೇಲೆ ಒಂದು ನಿಮಿಷ ಯೋಚಿಸಿ, ಒಂದೆರಡು ನಿಮಿಷ ಏಕಾಂಗಿಯಾಗಿ ಮಾತಾಡಬೇಕು. ಕೊನೆಗೆ ಅದೇ ವಿಷಯವನ್ನು ಹಿಡಿದು ಚರ್ಚೆ. ಎದುರಿಗೆ ಕುಳಿತ ಪರೀಕ್ಷಕನೇ ಅಂಕ ಕೊಡುವವನು, ಎಲ್ಲವೂ ಧ್ವನಿಮುದ್ರಿತವಾಗುತ್ತದೆ.

ಅಂಕ ಕೊಡುವವನು ಒಟ್ಟು ಅನಿಸಿಕೆಯಿಂದ ಆರು, ಏಳು ಎನ್ನುವುದಿಲ್ಲ. ಅವನ ಮುಂದೆ ನಾಲ್ಕು ಕಂಬಸಾಲುಗಳಿವೆ: ಮಾತಿನ ಓಘ ಮತ್ತು ಸುಸಂಬದ್ಧತೆ, ಶಬ್ದಸಂಪತ್ತು, ವ್ಯಾಕರಣದ ವ್ಯಾಪ್ತಿ ಮತ್ತು ಶುದ್ಧಿ, ಉಚ್ಚಾರಣೆ. ಪ್ರತಿಯೊಂದಕ್ಕೂ ಒಂಬತ್ತರವರೆಗೆ ಪೂರ್ಣ ಅಂಕಿ. ನಾಲ್ಕಕ್ಕೂ ಸಮ ತೂಕ. ನಾಲ್ಕರ ಸರಾಸರಿಯೇ ಫಲಿತಾಂಶ. ನಮ್ಮ ಹುಡುಗಿಯ 6.5 ಎಂದರೆ ಎರಡರಲ್ಲಿ ಏಳು, ಎರಡರಲ್ಲಿ ಆರು ಇದ್ದಿರಬಹುದು. ಎಂಟು, ಆರು, ಆರು, ಆರು ಎಂದೂ ಇದ್ದಿರಬಹುದು. ಯಾವುದೆಂದು ಅಭ್ಯರ್ಥಿಗೆ ತಿಳಿಸುವ ಪದ್ಧತಿಯಿಲ್ಲ. ಆಕೆಯ ದೂರು ನ್ಯಾಯವಾದದ್ದೇ.

ಈ ನಾಲ್ಕರಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಮೊದಲನೆಯದು. ಓಘವೆಂದರೆ ವೇಗ ಎಂದು ನಮ್ಮವರು ತಿಳಿಯುತ್ತಾರೆ. ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರನಂತೆ ಒಂದೇ ಉಸಿರಿನಲ್ಲಿ ಊರುಗಳ ಹೆಸರು ಹೇಳಿದಂತೆ ಮಾತಾಡುತ್ತಾರೆ. ಪರೀಕ್ಷಕನ ಕೈಪಟ್ಟಿ ಹೇಳುವುದೇ ಬೇರೆ. ಅದು ತಡವರಿಕೆಯನ್ನು ಎರಡು ಬಗೆಯಾಗಿ ವಿಂಗಡಿಸುತ್ತದೆ. ಮಾತಾಡುವವನು ಪದ ಸಿಗದೆ ತಡೆಯುತ್ತಿದ್ದಾನೆಯೇ, ಅಥವಾ ಏನು ಹೇಳಬೇಕೆಂಬುದನ್ನು ಯೋಚಿಸಲು ತಡೆಯುತ್ತಿದ್ದಾನೆಯೇ? ಎರಡನೆಯದು ಉತ್ತಮರ ಲಕ್ಷಣ. ಎಂಟನೆಯ ಬ್ಯಾಂಡಿನವನು ಪದಕ್ಕಾಗಿ ನಿಲ್ಲುವುದು ಅಪರೂಪ, ಆಲೋಚನೆಗಾಗಿ ನಿಲ್ಲುವುದುಂಟು. ಏಳನೆಯವನು ಆಗಾಗ ಪದಕ್ಕಾಗಿ ನಿಂತರೂ ಮಾತಿನ ಎಳೆ ಕಡಿಯುವುದಿಲ್ಲ. ಆರನೆಯವನಿಗೆ ಮಾತಾಡುವ ಮನಸ್ಸಿದೆ, ಆದರೆ ಹೇಳಿದ್ದನ್ನೇ ಹೇಳುತ್ತ, ತಿದ್ದಿಕೊಳ್ಳುತ್ತ, ನಡುವೆ ಎಳೆ ಕಳೆದುಕೊಳ್ಳುತ್ತಾನೆ.

ಇದು ಸೂಕ್ಷ್ಮವಾದ ವಿವೇಚನೆ, ಒಪ್ಪುತ್ತೇನೆ. ಆದರೆ ಮೌನದ ಒಳಗೆ ಇಣುಕಿ, ಅದು ಪದದ ಬಡತನವೋ ವಿಚಾರದ ಭಾರವೋ ಎಂದು ಎದುರಿಗಿರುವವನು ಹೇಗೆ ಬಲ್ಲ? ಸುಳಿವುಗಳಿವೆ. ವಾಕ್ಯದ ನಡುವೆ, ನಾಮಪದದ ಮುಂದೆ ನಿಂತರೆ ಅದು ಪದದ ಹುಡುಕಾಟ. ವಾಕ್ಯ ಮುಗಿದ ಮೇಲೆ ನಿಂತರೆ ವಿಚಾರದ ವಿಶ್ರಾಂತಿ. ಆದರೂ ಹಿರಿಯರ ಮುಂದೆ ಪ್ರಶ್ನೆ ಕೇಳಿದೊಡನೆ ಉತ್ತರಿಸದೆ ಒಂದು ಕ್ಷಣ ತಡೆಯುವುದೇ ಮರ್ಯಾದೆ ಎಂದು ಕಲಿತು ಬೆಳೆದ ನಮ್ಮ ಹಳ್ಳಿಯ ಹೆಣ್ಣುಮಗಳ ಮೌನ ಯಾವ ಬಗೆಗೆ ಸೇರಿತು? ಅದಕ್ಕೆ ಪಟ್ಟಿಯಲ್ಲಿ ಜಾಗವಿಲ್ಲ.

ಶಬ್ದಸಂಪತ್ತಿನ ವಿಚಾರದಲ್ಲಿ ನಮ್ಮ ತರಬೇತಿಯ ಮನೆಗಳಲ್ಲಿ ಒಂದು ಮೂಢನಂಬಿಕೆಯಿದೆ: ದೊಡ್ಡ ಪದಗಳನ್ನೂ ನುಡಿಗಟ್ಟುಗಳನ್ನೂ ಗಿಳಿಪಾಠ ಮಾಡಿ ಉದುರಿಸಿದರೆ ಅಂಕ ಏರುತ್ತದೆ ಎಂಬುದು. ಕನ್ನಡ ಕಲಿತ ಹೊರನಾಡಿನವನೊಬ್ಬ ನಮ್ಮ ಮಾರುಕಟ್ಟೆಯಲ್ಲಿ ಬಾಳೆಹಣ್ಣಿನ ಬೆಲೆ ಕೇಳುತ್ತ ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂದರೆ ಅವನ ಕನ್ನಡಕ್ಕೆ ನಾವು ಎಷ್ಟು ಬೆಲೆ ಕೊಟ್ಟೇವು? ಪಟ್ಟಿ ಮೆಚ್ಚುವ ಇನ್ನೊಂದು ಗುಣವಿದೆ: ಪದ ಗೊತ್ತಿಲ್ಲದಾಗ ಸುತ್ತುಬಳಸಿಯಾದರೂ ಅರ್ಥ ಮುಟ್ಟಿಸುವುದು. ಇದು ಮಂಗಳೂರಿನವರಿಗೆ ವರವಾಗಬೇಕು. ಚೀಟಿಯಲ್ಲಿ ‘ನಿಮಗೆ ಪ್ರಿಯವಾದ ತಿಂಡಿ’ ಎಂದಿದ್ದರೆ ಪತ್ರೊಡೆಗೆ ಇಂಗ್ಲಿಷಿನಲ್ಲಿ ಪದವಿಲ್ಲ. ಕೆಸುವಿನ ಎಲೆಗೆ ಅಕ್ಕಿ ಮಸಾಲೆಯ ಹಿಟ್ಟು ಸವರಿ, ಎಲೆಯ ಮೇಲೆ ಎಲೆಯಿಟ್ಟು ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸುತ್ತಾರೆ ಎಂದು ಸರಳವಾದ ಪದಗಳಲ್ಲಿ, ಕೇಳುವವನ ಕಣ್ಣಿಗೆ ಕಟ್ಟುವಂತೆ ಹೇಳಬಲ್ಲವಳು ನುಡಿಗಟ್ಟು ಉದುರಿಸುವವಳಿಗಿಂತ ಮೇಲು.

ವ್ಯಾಕರಣದಲ್ಲಿ ಎರಡು ಸಂಗತಿಗಳನ್ನು ಒಟ್ಟಿಗೆ ತೂಗುತ್ತಾರೆ. ತಪ್ಪಾಗಬಾರದೆಂಬ ಭಯದಿಂದ ಪುಟ್ಟ ಪುಟ್ಟ ವಾಕ್ಯಗಳಲ್ಲೇ ಉಳಿದವನಿಗೆ ಶುದ್ಧಿಯ ಪುಣ್ಯ ಬಂದರೂ ವ್ಯಾಪ್ತಿಯ ಅಂಕ ಬಾರದು. ಇನ್ನು ನಮ್ಮೂರಿನ ಇಂಗ್ಲಿಷಿಗೆ ತನ್ನದೇ ಆದ ಜಾಯಮಾನವಿದೆ. ‘ಹೋಗಿ ಬರುತ್ತೇನೆ’ ಎಂಬುದು ‘ಐ ವಿಲ್ ಗೋ ಅಂಡ್ ಕಮ್’ ಆಗುತ್ತದೆ. ‘ಅವನು ಹಾಗೆಯೇ’ ಎಂಬುದರ ಒತ್ತು ‘ಹೀ ಈಸ್ ಲೈಕ್ ದಟ್ ಓನ್ಲಿ’ ಎಂದು ಇಳಿಯುತ್ತದೆ. ಬರಿಯ ‘ಹೋಗುತ್ತೇನೆ’ ಎಂಬುದು ಅಪಶಕುನ ಎಂದು ನಂಬಿದ ಸಂಸ್ಕೃತಿಯೊಂದು ಆ ‘ಅಂಡ್ ಕಮ್’ನಲ್ಲಿ ಉಸಿರಾಡುತ್ತಿದೆ. ಭಾಷಾವಿಜ್ಞಾನಿಗಳು ಇದನ್ನು ಭಾರತೀಯ ಇಂಗ್ಲಿಷ್ ಎಂದು ಗೌರವದಿಂದ ಕರೆಯುತ್ತಾರೆ. ಪರೀಕ್ಷಕನ ಕಿವಿಗೆ ಅದು ತಪ್ಪೆಂದೇ ಬೀಳುವ ಸಂಭವ ಹೆಚ್ಚು. ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟೆ: ಮನೆಯಲ್ಲಿ ಹೋಗಿ ಬನ್ನಿ, ಪರೀಕ್ಷೆಯಲ್ಲಿ ಬರಿದೇ ಹೋಗಿ.

ಉಚ್ಚಾರಣೆಯ ಕಥೆ ಸ್ವಾರಸ್ಯವಾದದ್ದು. ಇಂಗ್ಲಿಷರಂತೆ ಮಾತಾಡದವರಿಗೆ ಅಂಕ ಕಡಿಮೆ ಎಂಬ ನಂಬಿಕೆ ತಪ್ಪು. ಎಂಟನೆಯ ಬ್ಯಾಂಡಿನಲ್ಲಿಯೂ ಮಾತೃಭಾಷೆಯ ಛಾಯೆ ಇರಬಹುದು. ಅದರಿಂದ ಅರ್ಥವಾಗುವುದಕ್ಕೆ ತೊಡಕಾಗಬಾರದು, ಅಷ್ಟೆ. ಇಲ್ಲಿ ಅಳೆಯುವುದು ಕೇಳುವವನು ಪಡಬೇಕಾದ ಶ್ರಮವನ್ನು. ಕನ್ನಡ, ತುಳು ಬಾಯಿಗಳು ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಒಂದು ಸ್ವರವನ್ನು ಅಂಟಿಸಿ ಬಸ್ಸು, ಲೈಟು ಎನ್ನುತ್ತವೆ. ಪದಾದಿಯ ‘ಎ’ಕಾರಕ್ಕೆ ಯಕಾರವನ್ನು ಕರೆತಂದು ‘ಯೆಂಟ್ರೆನ್ಸ್’ ಎನ್ನುತ್ತವೆ. ಇದಕ್ಕಿಂತ ದೊಡ್ಡ ತೊಡಕು ಒತ್ತಿನದು. ನಮ್ಮ ಮಾತಿನ ಲಯ ಸಮತಟ್ಟು. ಇಂಗ್ಲಿಷಿನಲ್ಲಿ ‘ಫೋಟೋಗ್ರಾಫ್’ ಎಂಬಲ್ಲಿ ಮೊದಲ ಅಕ್ಷರಕ್ಕೆ ಬೀಳುವ ಒತ್ತು ‘ಫೋಟಾಗ್ರಫಿ’ ಎಂದಾಗ ಎರಡನೆಯದಕ್ಕೆ ಜಾರುತ್ತದೆ. ಒತ್ತು ತಪ್ಪಿದ ಪದವನ್ನು ಇಂಗ್ಲಿಷ್ ಕಿವಿ ಹುಡುಕಬೇಕಾಗುತ್ತದೆ. ಇದನ್ನು ತಿದ್ದುವುದು ಬಿಟ್ಟು ನಾಲಗೆಯನ್ನು ಮಡಿಚಿ ‘ರ’ಕಾರ ಉರುಳಿಸಲು ಕಲಿಸುವವರನ್ನು ನಾನು ಕಂಡಿದ್ದೇನೆ. ಎರಡು ನಿಮಿಷ ಕಳೆಯುವುದರೊಳಗೆ ಆ ವೇಷ ಕಳಚಿ ಬೀಳುತ್ತದೆ. ವೇಷ ಹಿಡಿಯುವ ಶ್ರಮದಲ್ಲಿ ಓಘವೂ ಕುಂಟುತ್ತದೆ.

ಇಲ್ಲಿ ಇನ್ನೊಂದು ವಿಚಿತ್ರವಿದೆ. ಉಚ್ಚಾರಣೆಗೆ ಮೊದಲು 2, 4, 6, 8 ಎಂಬ ನಾಲ್ಕೇ ಮೆಟ್ಟಿಲುಗಳಿದ್ದವು. 2008ರಲ್ಲಿ ನಡುವಿನ ಮೆಟ್ಟಿಲುಗಳನ್ನು ಸೇರಿಸಿದರು. ಹಾಗೆ ಸೇರಿಸಿದ ಏಳಕ್ಕೆ ಸ್ವಂತ ಲಕ್ಷಣವಿಲ್ಲ: ಆರರ ಎಲ್ಲ ಒಳ್ಳೆಯ ಗುಣಗಳೂ ಇದ್ದು, ಎಂಟರ ಗುಣಗಳಲ್ಲಿ ಎಲ್ಲವೂ ಅಲ್ಲದಿದ್ದರೂ ಕೆಲವು ಇದ್ದರೆ ಅದು ಏಳು. ಎಷ್ಟೋ ಮನೆಗಳ ಸಾಲ ತೀರುವುದು ತೀರದಿರುವುದು ನಿಂತಿರುವ ಆ ಅಂಕಿ, ಎರಡು ಮನೆಗಳ ನಡುವಿನ ಓಣಿಯಂತೆ ಅಕ್ಕಪಕ್ಕದ ಗೋಡೆಗಳಿಂದಲೇ ಗುರುತಾಗಬೇಕು.

ಪರೀಕ್ಷಕನೂ ಮನುಷ್ಯ. ಒಬ್ಬನ ಕೈ ಬಿಗಿ, ಇನ್ನೊಬ್ಬನದು ಧಾರಾಳ. ಇದಕ್ಕಿಂತ ಆಳವಾದ ಪ್ರಶ್ನೆಯೊಂದನ್ನು ಎತ್ತಿದವರು ಆಸ್ಟ್ರೇಲಿಯಾದ ಸಂಶೋಧಕಿ ಆನಿ ಬ್ರೌನ್. 2003ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಒಬ್ಬಳೇ ಅಭ್ಯರ್ಥಿಯನ್ನು ಇಬ್ಬರು ಸಂದರ್ಶಕರು ಬೇರೆ ಬೇರೆಯಾಗಿ ಮಾತಾಡಿಸಿದರು. ಒಬ್ಬರು ಅವಳ ಮಾತನ್ನು ಎತ್ತಿಕೊಂಡು, ವಿಸ್ತರಿಸಲು ಸ್ಪಷ್ಟವಾಗಿ ಕೇಳುತ್ತ ನಡೆಸಿದರು; ಇನ್ನೊಬ್ಬರು ಸುಮ್ಮನೆ ಹೂಂಗುಟ್ಟಿ, ಅವಳೇ ಮುಂದುವರಿಸಲಿ ಎಂದು ಕಾದರು. ಧ್ವನಿಮುದ್ರಣಗಳನ್ನು ಕೇಳಿ ಅಂಕ ಕೊಟ್ಟವರಿಗೆ ಅವಳು ಒಂದರಲ್ಲಿ ಸಮರ್ಥ ಮಾತುಗಾತಿಯಾಗಿ ಕಂಡಳು, ಇನ್ನೊಂದರಲ್ಲಿ ಹಾಗೆ ಕಾಣಲಿಲ್ಲ. ಹಾಗಾದರೆ ಅಂಕ ಯಾರ ಮಾತಿಗೆ ಸಂದದ್ದು?

ತಾಳಮದ್ದಳೆ ಕೇಳಿ ಬೆಳೆದ ನಮಗೆ ಇದು ಹೊಸದಾಗಿ ತಿಳಿಯಬೇಕಾದ ಸತ್ಯವಲ್ಲ. ಕರ್ಣನ ಅರ್ಥ ಹೇಳುವವನು ಎಷ್ಟೇ ಪ್ರತಿಭಾವಂತನಾದರೂ ಎದುರಿನ ಕೃಷ್ಣ ಮಾತಿಗೆ ಎಡೆ ಕೊಡದಿದ್ದರೆ ಆ ರಾತ್ರಿ ಕರ್ಣ ಏಳುವುದಿಲ್ಲ. ಒಳ್ಳೆಯ ಎದುರಾಳಿ ಮಾತನ್ನು ಹೆರಿಗೆ ಮಾಡಿಸುವ ಸೂಲಗಿತ್ತಿ. ಹೊರಗೆ ಬಂದು ನಾವು ‘ಇಂದು ಕರ್ಣ ಸೋತ’ ಎನ್ನುತ್ತೇವೆ. ಸೋಲಿಸಿದ ಪಾಲಿನಲ್ಲಿ ಕೃಷ್ಣನ ಲೆಕ್ಕವನ್ನು ಬಿಡುವುದಿಲ್ಲ.

ಪರೀಕ್ಷೆ ನಡೆಸುವವರು ಇದಕ್ಕೆ ಕಂಡುಕೊಂಡ ಮದ್ದು ಸಂದರ್ಶಕನ ಬಾಯಿ ಕಟ್ಟುವುದು. 2001ರ ಪರಿಷ್ಕರಣದಲ್ಲಿ, ಮೊದಲೆರಡು ಭಾಗಗಳಲ್ಲಿ ಆತ ಬರೆದುಕೊಟ್ಟ ಮಾತುಗಳನ್ನೇ ಆಡಬೇಕು ಎಂದಾಯಿತು. ಚರ್ಚೆಯ ಭಾಗದಲ್ಲಿ ಮಾತ್ರ ಸ್ವಲ್ಪ ಸ್ವಾತಂತ್ರ್ಯ. ನಮ್ಮ ಮಕ್ಕಳು ಹೊರಗೆ ಬಂದು “ಆ ಮನುಷ್ಯ ನಗಲೇ ಇಲ್ಲ, ನಡುವೆಯೇ ತಡೆದುಬಿಟ್ಟ” ಎಂದು ಕಣ್ಣೀರಿಡುವುದಕ್ಕೆ ಕಾರಣ ಇದು. ತಡೆದದ್ದು ಗಡಿಯಾರ, ಉತ್ತರ ಕೆಟ್ಟದ್ದೆಂದಲ್ಲ. ಎಲ್ಲರನ್ನೂ ಸಮನಾಗಿ ಕಾಣಲೆಂದು ಹುಟ್ಟಿದ ನಿರ್ಲಿಪ್ತಿ, ಎದುರಿಗಿರುವವರಿಗೆ ತಿರಸ್ಕಾರವಾಗಿ ಕಾಣುತ್ತದೆ. ಫಲಿತಾಂಶದಲ್ಲಿ ನಂಬಿಕೆ ಬಾರದಿದ್ದರೆ ಆರು ವಾರಗಳೊಳಗೆ ಶುಲ್ಕ ಕಟ್ಟಿ ಮರುಮೌಲ್ಯಮಾಪನ ಕೇಳಬಹುದು. ಧ್ವನಿಮುದ್ರಣವನ್ನು ಹಿರಿಯ ಪರೀಕ್ಷಕರು ಮತ್ತೆ ಕೇಳುತ್ತಾರೆ. ಅಂಕ ಬದಲಾದರೆ ಶುಲ್ಕ ಮರಳಿ ಬರುತ್ತದೆ.

ಯಂತ್ರಕ್ಕೇ ಒಪ್ಪಿಸಿಬಿಡೋಣ ಎಂದವರೂ ಇದ್ದಾರೆ. 2009ರಲ್ಲಿ ಬಂದ ಪಿಯರ್ಸನ್ ಸಂಸ್ಥೆಯ ಪರೀಕ್ಷೆಯಲ್ಲಿ ಮಾತಿಗೆ ಅಂಕ ಕೊಡುವುದು ಮುಖ್ಯವಾಗಿ ಗಣಕ. ಅದಕ್ಕೆ ದಣಿವಿಲ್ಲ, ಮುಖನೋಟವಿಲ್ಲ. ಆದರೆ ಅದಕ್ಕೆ ಕಿವಿ ಕಲಿಸಿದ್ದು ಮನುಷ್ಯರು ಮೊದಲೇ ಅಂಕ ಕೊಟ್ಟ ಮಾತುಗಳಿಂದಲೇ. ಗುರುವಿನ ಗುಣದೋಷ ಶಿಷ್ಯನಿಗೆ ಬಾರದೆ ಹೋದೀತೇ?

ನನಗೆ ಹೆಚ್ಚು ಮನಸ್ಸಿಗೆ ಹತ್ತಿದ್ದು ಒಇಟಿ ಎಂಬ ಇನ್ನೊಂದು ಪರೀಕ್ಷೆ. ಆರೋಗ್ಯಸೇವೆಯವರಿಗಾಗಿಯೇ 1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದಲ್ಲಿ ರೂಪುಗೊಂಡದ್ದು. ಬ್ರಿಟನ್ನಿನ ಕೌನ್ಸಿಲ್ ಇದನ್ನು 2017ರಲ್ಲಿ ಒಪ್ಪಿಕೊಂಡಿತು. ಇದರಲ್ಲಿ ದಾದಿ ದಾದಿಯಾಗಿಯೇ ಮಾತಾಡುತ್ತಾಳೆ. ಎದುರಿನವರು ರೋಗಿಯ ಅಥವಾ ರೋಗಿಯ ಮನೆಯವರ ಪಾತ್ರ ವಹಿಸುತ್ತಾರೆ. ಚೀಟಿ ನೋಡಿ ಸಿದ್ಧವಾಗಲು ಎರಡು ಮೂರು ನಿಮಿಷ, ಸಂಭಾಷಣೆ ಸುಮಾರು ಐದು ನಿಮಿಷ, ಇಂತಹವು ಎರಡು. ಪಾತ್ರ ವಹಿಸಿದವರು ಅಂಕ ಕೊಡುವುದಿಲ್ಲ. ಧ್ವನಿಮುದ್ರಣವನ್ನು ಬೇರೆಡೆ ಇಬ್ಬರಾದರೂ ಪ್ರತ್ಯೇಕವಾಗಿ ಕೇಳಿ ಅಂಕ ಹಾಕುತ್ತಾರೆ. ಬಿಗಿಗೈಯವರ ಬಿಗಿ, ಧಾರಾಳಿಗಳ ಧಾರಾಳವನ್ನು ಲೆಕ್ಕಶಾಸ್ತ್ರದಿಂದ ಸರಿದೂಗಿಸುತ್ತಾರೆ. ಡೆನ್ಮಾರ್ಕಿನ ಗಣಿತಜ್ಞ ಗಿಯೋರ್ಗ್ ರಾಶ್ 1960ರಲ್ಲಿ ಹಾಕಿಕೊಟ್ಟ ದಾರಿಯನ್ನು ಲಿನೇಕರ್ ಎಂಬವರು 1989ರಲ್ಲಿ ಪರೀಕ್ಷಕರ ಬಿಗಿಯನ್ನೂ ಅಳೆಯುವಂತೆ ಬೆಳೆಸಿದರು. ಪರೀಕ್ಷಕನಿಗೂ ಅಂಕ ಹಾಕುವ ಶಾಸ್ತ್ರವೊಂದಿದೆ ಎಂಬುದು ನನಗೆ ಮೂವತ್ತು ವರ್ಷದ ಮೊದಲೇ ತಿಳಿದಿದ್ದರೆ ಕೆಲವು ರಾತ್ರಿಗಳ ನಿದ್ದೆ ಹೋಗುತ್ತಿತ್ತು.

2018ರಿಂದ ಈ ಪರೀಕ್ಷೆಯಲ್ಲಿ ಭಾಷೆಯ ಅಳತೆಗಳ ಜೊತೆಗೆ ಬೇರೆ ಐದು ಅಳತೆಗಳು ಸೇರಿವೆ. ರೋಗಿಯೊಂದಿಗೆ ನಂಟು ಬೆಳೆಸಿದಳೇ? ಅವನ ಭಯವೇನೆಂದು ಗ್ರಹಿಸಿದಳೇ? ಮಾತಿಗೆ ಕ್ರಮವಿತ್ತೇ? ಬೇಕಾದ್ದನ್ನು ಕೇಳಿ ತಿಳಿದಳೇ? ತಿಳಿಸಬೇಕಾದ್ದನ್ನು ಅವನಿಗೆ ಅರ್ಥವಾಗುವಂತೆ ತಿಳಿಸಿದಳೇ? ಮೆಲ್ಬರ್ನ್ ವಿಶ್ವವಿದ್ಯಾನಿಲಯದ ಸಂಶೋಧಕರು ವೈದ್ಯರಿಗೂ ದಾದಿಯರಿಗೂ ತರಬೇತಿ ಕೊಡುವವರನ್ನೇ ಕೇಳಿ, ಅವರು ಇಂತಹ ಮಾತುಕತೆಯಲ್ಲಿ ಏನನ್ನು ಗಮನಿಸುತ್ತಾರೆಂದು ತಿಳಿದ ಮೇಲೆ ಮೂಡಿದ ವಿಚಾರವಿದು. ವ್ಯಾಕರಣದ ಅಂಕ ಕಡಿದು ಹೋಗಲಿಲ್ಲ; ಅದರ ಪಕ್ಕದಲ್ಲಿ ಮನುಷ್ಯನಿಗೂ ಒಂದು ಕಂಬಸಾಲು ಸಿಕ್ಕಿತು.

ಇದನ್ನು ಓದುವಾಗ ನನಗೆ ಆ ಹುಡುಗಿಯ ವಾರ್ಡು ನೆನಪಾಗುತ್ತಿತ್ತು. ನನ್ನ ಶಸ್ತ್ರಚಿಕಿತ್ಸೆಯ ದಿನಗಳಲ್ಲಿ ಹಾಸಿಗೆಯ ಮೇಲೆ ಮಲಗಿ ಕೇಳಿದವನು ನಾನು. ಒಂದೇ ಪಾಳಿಯಲ್ಲಿ ಆಕೆ ಬಂಟ್ವಾಳದ ಅಜ್ಜನೊಡನೆ ತುಳು, ಉಳ್ಳಾಲದ ತಾಯಿಯೊಡನೆ ಬ್ಯಾರಿ, ಬಿಜೈಯ ಬಾಯಿಯವರೊಡನೆ ಕೊಂಕಣಿ, ಕಾಸರಗೋಡಿನ ಯುವಕನೊಡನೆ ಮಲಯಾಳ, ನನ್ನೊಡನೆ ಕನ್ನಡ, ವೈದ್ಯರೊಡನೆ ಇಂಗ್ಲಿಷ್ ಆಡಿದ್ದಳು. ಒಬ್ಬರಿಗೂ ಎರಡನೆಯ ಸಲ ಕೇಳುವ ಪ್ರಮೇಯ ಬಂದಿರಲಿಲ್ಲ. ಆ ಐದು ಭಾಷೆಗಳ ಚಾತುರ್ಯ ಆರನೆಯದರ ಪರೀಕ್ಷೆಯಲ್ಲಿ ಎಲ್ಲಿಯೂ ದಾಖಲಾಗುವುದಿಲ್ಲ. ದೂರುವುದಕ್ಕಲ್ಲ, ಇಂಗ್ಲೆಂಡಿನ ಮುದುಕಿಗೆ ತುಳುವಿನಿಂದೇನು ಪ್ರಯೋಜನ? ಮದ್ದಿನ ಪ್ರಮಾಣ ತಪ್ಪಾಗಿ ಕೇಳಿಸಿಕೊಂಡರೆ ಪ್ರಾಣಕ್ಕೆ ಸಂಚಕಾರ. ಆದ್ದರಿಂದ ಅಳತೆ ಬೇಕೇ ಬೇಕು. ಆದರೆ ಅಳೆದದ್ದು ಯಾವುದನ್ನು, ಅಳೆಯದೆ ಬಿಟ್ಟದ್ದು ಯಾವುದನ್ನು ಎಂಬುದು ಆರೂವರೆ ಹಿಡಿದುಕೊಂಡು ಬಂದವಳಿಗಾದರೂ ತಿಳಿದಿರಬೇಕು. ತನ್ನ ಮಾತೇ ಆರೂವರೆಯದು ಎಂದು ಆಕೆ ನಂಬಿ ಕುಳಿತಿದ್ದಳು.

ಮರುಮೌಲ್ಯಮಾಪನಕ್ಕೆ ಆಕೆ ಹೋಗಲಿಲ್ಲ. ಒಇಟಿಗೆ ಹೆಸರು ಕೊಟ್ಟಿದ್ದಾಳೆ. ಅಲ್ಲಿ ಮಾತಿಗೆ ಐನೂರರಲ್ಲಿ 350 ಬೇಕು. ವಾರಕ್ಕೆರಡು ಸಂಜೆ ನಮ್ಮ ಜಗಲಿಯಲ್ಲಿ ಅಭ್ಯಾಸ ನಡೆಯುತ್ತದೆ. ರೋಗಿಯ ಪಾತ್ರ ನನ್ನದು. ಮೊದಲ ದಿನ ನಾನು ಇನ್ಸುಲಿನ್ ಚುಚ್ಚಿಸಿಕೊಳ್ಳಲೊಲ್ಲದ ಹಟಮಾರಿ ಮುದುಕ. ಚೀಟಿ ನೋಡಿ ಸಿದ್ಧವಾದ ಆಕೆ ಕುರ್ಚಿಯನ್ನು ಹತ್ತಿರಕ್ಕೆಳೆದು, ಮುಂದಕ್ಕೆ ಬಾಗಿ, “ಅಜ್ಜೆರೆ” ಎಂದು ತುಳುವಿನಲ್ಲಿ ಆರಂಭಿಸಿ ನಾಲಗೆ ಕಚ್ಚಿಕೊಂಡಳು. ಆಮೇಲೆ ಇಂಗ್ಲಿಷಿಗೆ ತಿರುಗಿದಳು. ದನಿ ಮಾತ್ರ ಅದೇ ಇತ್ತು. ಐದು ನಿಮಿಷದಲ್ಲಿ ನಾನು ಚುಚ್ಚಿಸಿಕೊಳ್ಳಲು ಒಪ್ಪಿದ್ದೆ. ನಾಳೆ ಸಂಜೆ ನನ್ನದು ಮುರಿದ ಕಾಲು.